ದೈತ್ಯ ಯಂತ್ರಮಾನವ ಮೇಜಿನಾಟಗಳು

ದೈತ್ಯ ಯಂತ್ರಮಾನವ ಮೇಜಿನಾಟಗಳು ಎಂದರೆ ಚಾಲಕನೊಬ್ಬ ಒಳಗೆ ಕುಳಿತು ನಡೆಸುವ ಭಾರೀ ಯುದ್ಧಯಂತ್ರಗಳ ಕಾಳಗವನ್ನು ನಕ್ಷೆ, ಕಾಯಿ, ದಾಳ ಮತ್ತು ಕಾಗದದ ನೆರವಿನಿಂದ ಆಡುವ ಆಟಗಳು. ಇಂಥ ಯಂತ್ರವನ್ನು ‘ಮೆಕ್’ ಅಥವಾ ‘ಮೆಕಾ’ ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಎರಡು ಬಗೆಗಳಿವೆ. ಯುದ್ಧದಾಟದಲ್ಲಿ ಆಟಗಾರನು ಒಂದು ಪಡೆಯನ್ನು ನಡೆಸುತ್ತಾನೆ. ಪಾತ್ರಾಭಿನಯದ ಆಟದಲ್ಲಿ ಒಬ್ಬ ಚಾಲಕನ ಬದುಕನ್ನೇ ತನ್ನದಾಗಿಸಿಕೊಂಡು ಮಾತಾಡುತ್ತಾನೆ.

ಹಿನ್ನೆಲೆ

ಈ ಕಲ್ಪನೆಯ ಬೇರು ಜಪಾನಿನಲ್ಲಿದೆ. 1972ರ ‘ಮಾಜಿಂಗರ್ ಝಡ್’ ಮತ್ತು 1979ರ ‘ಮೊಬೈಲ್ ಸೂಟ್ ಗುಂಡಮ್’ ಅದನ್ನು ಜನಪ್ರಿಯಗೊಳಿಸಿದವು. ಅಮೆರಿಕದ ಷಿಕಾಗೋ ನಗರದ ಫಾಸಾ ಸಂಸ್ಥೆಯು 1984ರಲ್ಲಿ ‘ಬ್ಯಾಟಲ್‌ಡ್ರಾಯ್ಡ್ಸ್’ ಎಂಬ ಆಟವನ್ನು ಹೊರತಂದಿತು. ‘ಡ್ರಾಯ್ಡ್’ ಎಂಬ ಪದದ ಹಕ್ಕು ತನ್ನದೆಂದು ಲ್ಯೂಕಾಸ್‌ಫಿಲ್ಮ್ ಆಕ್ಷೇಪಿಸಿದ್ದರಿಂದ ಮರುವರ್ಷ ಅದು ‘ಬ್ಯಾಟಲ್‌ಟೆಕ್’ ಎಂದಾಯಿತು. ಪಾತ್ರಾಭಿನಯದ ಕಡೆಯಲ್ಲಿ ಮೈಕ್ ಪಾಂಡ್‌ಸ್ಮಿತ್ ರಚಿಸಿದ ‘ಮೆಕ್ಟನ್’ ಹಳೆಯದು. ಮಿಗೆಲ್ ಲೋಪೆಜ್ ಮತ್ತು ಟಾಮ್ ಪಾರ್ಕಿನ್ಸನ್-ಮಾರ್ಗನ್ ರಚಿಸಿದ ‘ಲ್ಯಾನ್ಸರ್’ 2019ರಲ್ಲಿ ಬಂದಿತು.

ಬ್ಯಾಟಲ್‌ಟೆಕ್‌ನ ಆಟದ ಕ್ರಮ

ನಕ್ಷೆಯು ಷಟ್ಕೋನದ ಮನೆಗಳಿಂದ ಕೂಡಿರುತ್ತದೆ. ಯಂತ್ರಗಳ ತೂಕ 20ರಿಂದ 100 ಟನ್. ಪ್ರತಿ ಸುತ್ತಿನ ಆರಂಭದಲ್ಲಿ ಎರಡೂ ಕಡೆಯವರು ದಾಳ ಹಾಕುತ್ತಾರೆ. ಸೋತವನು ಮೊದಲು ಯಂತ್ರವನ್ನು ನಡೆಸಬೇಕು. ಹೊಸಬರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಎದುರಾಳಿಯ ನಡೆಯನ್ನು ಕಂಡ ಮೇಲೆ ನಡೆಯುವುದೇ ಇಲ್ಲಿನ ಲಾಭ: ಬೆನ್ನಿನ ಕವಚವು ಎದೆಯ ಕವಚಕ್ಕಿಂತ ತೆಳುವಾಗಿರುವುದರಿಂದ, ಕೊನೆಗೆ ನಡೆದವನು ಹಿಂದಿನಿಂದ ಹೊಡೆಯುವ ಜಾಗವನ್ನು ಹುಡುಕಿಕೊಳ್ಳಬಲ್ಲ.

ಗುಂಡು ತಗಲುವುದೋ ಇಲ್ಲವೋ ಎಂಬುದನ್ನು ಎರಡು ದಾಳಗಳ ಮೊತ್ತ ತೀರ್ಮಾನಿಸುತ್ತದೆ. ಚಾಲಕನ ಗುರಿಯ ಅಂಕ 4 ಎಂದಿಟ್ಟುಕೊಳ್ಳೋಣ. ತಾನು ನಡೆದಿದ್ದರೆ 1, ಎದುರಾಳಿ ಐದು ಮನೆ ಸರಿದಿದ್ದರೆ 2, ದೂರ ಮಧ್ಯಮವಾಗಿದ್ದರೆ ಇನ್ನೂ 2 ಸೇರಿ ಒಟ್ಟು 9 ಆಗುತ್ತದೆ. ದಾಳದಲ್ಲಿ 9 ಅಥವಾ ಹೆಚ್ಚು ಬೀಳುವ ಅವಕಾಶ 36ರಲ್ಲಿ 10. ನಡೆಯದೆ ನಿಂತಲ್ಲೇ ಹೊಡೆದರೆ 8 ಸಾಕು, ಅವಕಾಶ 36ರಲ್ಲಿ 15. ಆದರೆ ನಿಂತವನು ತಾನೂ ಸುಲಭದ ಗುರಿಯಾಗುತ್ತಾನೆ.

ಆಟದ ನಿಜವಾದ ಜೀವಾಳ ಉಷ್ಣ. ಪಿಪಿಸಿ ಎಂಬ ಫಿರಂಗಿಯನ್ನು ಒಮ್ಮೆ ಹಾರಿಸಿದರೆ 10 ಅಂಶ ಶಾಖ ಹುಟ್ಟುತ್ತದೆ. ಓಡುತ್ತ ಎರಡು ಪಿಪಿಸಿ ಹಾರಿಸಿದ ಯಂತ್ರಕ್ಕೆ 22 ಅಂಶ. ಅದರಲ್ಲಿ ಹತ್ತು ಶಾಖನಿವಾರಕಗಳಿದ್ದರೆ 12 ಉಳಿಯುತ್ತದೆ. ಉಳಿದ ಶಾಖ ಮುಂದಿನ ಸುತ್ತಿನಲ್ಲಿ ನಡಿಗೆಯನ್ನು ಕುಗ್ಗಿಸಿ, ಗುರಿಯನ್ನು ಕೆಡಿಸುತ್ತದೆ. 14 ಮುಟ್ಟಿದರೆ ಯಂತ್ರ ಸ್ತಬ್ಧವಾಗುವ ಅಪಾಯ, 30ಕ್ಕೆ ಖಂಡಿತ ಸ್ತಬ್ಧ. ಎಲ್ಲ ಆಯುಧಗಳನ್ನೂ ಒಟ್ಟಿಗೆ ಹಾರಿಸುವ ಆಸೆಯೇ ಹೊಸಬರನ್ನು ಸೋಲಿಸುವುದು ಹೆಚ್ಚು.

ಹುಲಿ-ಕುರಿ ಆಟದೊಡನೆ ಹೋಲಿಕೆ

ಚದುರಂಗದಲ್ಲಿ ಎರಡೂ ಪಡೆಗಳು ಸಮ. ಮೆಕ್ ಆಟಗಳಲ್ಲಿ ಹಾಗಿರಬೇಕಾಗಿಲ್ಲ. ಈ ದೃಷ್ಟಿಯಿಂದ ಇವು ಹುಲಿ-ಕುರಿ ಆಟಕ್ಕೆ ಹತ್ತಿರ. ಅದರ ಒಂದು ಪ್ರಚಲಿತ ರೂಪದಲ್ಲಿ 3 ಹುಲಿಗಳಿಗೆದುರಾಗಿ 15 ಕುರಿಗಳು. ಹುಲಿ ಹಾರಿ ಕೊಲ್ಲುತ್ತದೆ, ಕುರಿಗಳು ಒತ್ತಾಗಿ ನಿಂತು ಹುಲಿಯ ದಾರಿ ಕಟ್ಟುತ್ತವೆ. ನೂರು ಟನ್ನಿನ ಒಂದು ಯಂತ್ರವನ್ನು ಹಗುರವಾದ ಮೂರು ಯಂತ್ರಗಳು ಸುತ್ತುಗಟ್ಟುವುದೂ ಇದೇ ಬುದ್ಧಿ. ಪಡೆಗಳನ್ನು ತೂಗಿನೋಡಲು ಟನ್ನಿನ ಲೆಕ್ಕ ಸಾಲದು, ಒಂದೇ ತೂಕದ ಎರಡು ಯಂತ್ರಗಳ ಬಲದಲ್ಲಿ ಬಹಳ ಅಂತರವಿರಬಹುದು. ಇದಕ್ಕಾಗಿ ಬ್ಯಾಟಲ್‌ಟೆಕ್‌ನಲ್ಲಿ ‘ಬ್ಯಾಟಲ್ ವ್ಯಾಲ್ಯೂ’ ಎಂಬ ಅಂಕವಿದೆ.

ಪಾತ್ರಾಭಿನಯ

ಲ್ಯಾನ್ಸರ್‌ನಲ್ಲಿ ಒಬ್ಬರು ನಿರ್ವಾಹಕರಾಗಿ ಕಥೆ ನಡೆಸುತ್ತಾರೆ, ಉಳಿದವರು ಚಾಲಕರಾಗುತ್ತಾರೆ. ಎಲ್ಲರೂ ಆರಂಭಿಸುವುದು ‘ಎವರೆಸ್ಟ್’ ಎಂಬ ಸಾಧಾರಣ ಯಂತ್ರದಿಂದ. ನಾಶವಾದ ಯಂತ್ರವನ್ನು ಮುಂದೆ ಮತ್ತೆ ತಯಾರಿಸಿಕೊಳ್ಳಬಹುದಾದ್ದರಿಂದ, ಕಥೆಯ ಭಾರವೆಲ್ಲ ಚಾಲಕನು ಯಾರಿಗಾಗಿ ಕಾದುತ್ತಾನೆ ಎಂಬುದರ ಮೇಲೆ ಬೀಳುತ್ತದೆ. ಮೂಲ ನಿಯಮಗಳು ಇಂಗ್ಲಿಷಿನಲ್ಲಿದ್ದರೂ ಮಾತುಕತೆಯನ್ನು ಕನ್ನಡದಲ್ಲೇ ನಡೆಸಲು ಅಡ್ಡಿಯಿಲ್ಲ. ಆಯುಧಗಳ ಹೆಸರನ್ನಷ್ಟೇ ಇದ್ದಂತೆ ಉಳಿಸಿಕೊಂಡರಾಯಿತು.

ಆರಂಭಿಸುವ ಬಗೆ

ಅಜ್ಜಂಪುರ, ಕಡೂರು, ತರೀಕೆರೆಗಳಂಥ ಊರುಗಳಲ್ಲಿ ಆಡಬಯಸುವವರು ದುಬಾರಿ ಬೊಂಬೆಗಳಿಗಾಗಿ ಕಾಯಬೇಕಾಗಿಲ್ಲ. ಬ್ಯಾಟಲ್‌ಟೆಕ್‌ನ ಕಿರು ನಿಯಮಪುಸ್ತಿಕೆಯನ್ನೂ ಲ್ಯಾನ್ಸರ್‌ನ ಆಟಗಾರರ ನಿಯಮಗಳನ್ನೂ ಪ್ರಕಾಶಕರೇ ಉಚಿತವಾಗಿ ನೀಡುತ್ತಾರೆ. ಷಟ್ಕೋನದ ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿಕೊಳ್ಳಬಹುದು. ಹಾವು-ಏಣಿ ಆಟದ ದಾಳಗಳು ಎರಡಿದ್ದರೆ ಬ್ಯಾಟಲ್‌ಟೆಕ್‌ಗೆ ಸಾಕು; ಲ್ಯಾನ್ಸರ್‌ಗೆ ಇಪ್ಪತ್ತು ಮುಖದ ದಾಳವೂ ಬೇಕು, ಅದಕ್ಕೆ ಮೊಬೈಲ್ ಆ್ಯಪ್ ಆದೀತು. ಕಾಯಿಗಳನ್ನು ರಟ್ಟಿನಲ್ಲಿ ಕತ್ತರಿಸಿ ಮುಂಭಾಗಕ್ಕೆ ಬಾಣದ ಗುರುತು ಹಾಕಬೇಕು. ಯಂತ್ರದ ಮುಖ ಯಾವ ಕಡೆಗಿದೆ ಎಂಬುದು ಮುಖ್ಯವಾದ್ದರಿಂದ ಗುರುತಿಲ್ಲದ ಕೇರಂ ಕಾಯಿ ಕೆಲಸಕ್ಕೆ ಬಾರದು. ಪ್ಲಾಸ್ಟಿಕ್ ಇಟ್ಟಿಗೆಗಳಿಂದಲೇ ಯಂತ್ರ ಕಟ್ಟಿಕೊಂಡು ಆಡುವ ‘ಮೊಬೈಲ್ ಫ್ರೇಮ್ ಝೀರೋ’ ಎಂಬ ಆಟವೂ 2012ರಿಂದ ಇದೆ.

ಮೊದಲ ಆಟಕ್ಕೆ ಕಡೆಗೊಂದರಂತೆ ಮಧ್ಯಮ ತೂಕದ ಯಂತ್ರ ಸಾಕು, ನಾಲ್ಕು-ನಾಲ್ಕರ ಕಾಳಗ ಹಲವು ಗಂಟೆ ಹಿಡಿಯುತ್ತದೆ. ಮೊದಲೆರಡು ಸುತ್ತುಗಳನ್ನು ಶಾಖದ ನಿಯಮವಿಲ್ಲದೆ ಆಡಿ, ಆಮೇಲೆ ಅದನ್ನು ಸೇರಿಸಿಕೊಳ್ಳುವುದು ಅನುಕೂಲ. ಪ್ರತಿ ಯಂತ್ರಕ್ಕೂ ಒಂದು ದಾಖಲೆ ಹಾಳೆಯಿದ್ದು, ಪೆಟ್ಟು ಬಿದ್ದಂತೆಲ್ಲ ಅದರಲ್ಲಿನ ವೃತ್ತಗಳನ್ನು ಪೆನ್ಸಿಲಿನಿಂದ ತುಂಬಲಾಗುತ್ತದೆ. ಹಾಳೆಗೆ ಲ್ಯಾಮಿನೇಷನ್ ಮಾಡಿಸಿದರೆ ಅಳಿಸಬಹುದಾದ ಮಾರ್ಕರ್ ಪೆನ್ನಿನಿಂದ ಅದನ್ನೇ ಮತ್ತೆ ಮತ್ತೆ ಬಳಸಬಹುದು.