ಸೆಕೆಂಡಿನ ಲೆಕ್ಕ, ಋತುವಿನ ಲೆಕ್ಕ

2020ರ ಫೆಬ್ರವರಿ 1ರಂದು ಐಕಳದ ಕಾಂತಾಬಾರೆ-ಬೂದಾಬಾರೆ ಜೋಡುಕರೆ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ ಕೋಣಗಳ ಜೋಡಿಯನ್ನು ಓಡಿಸುತ್ತ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡುಗಳಲ್ಲಿ ದಾಟಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಅಷ್ಟು ಸಾಕಾಯಿತು, ಕಂಬಳ ಎಂದರೇನೆಂದು ತಿಳಿಯದವರ ಬಾಯಲ್ಲೂ ಮೂಡುಬಿದಿರೆ ಸೀಮೆಯ ಕಟ್ಟಡ ಕಾರ್ಮಿಕನ ಹೆಸರು ಓಡಾಡಿತು. ಎರಡು ವಾರ ಕಳೆಯುವಷ್ಟರಲ್ಲಿ ವೇಣೂರಿನ ಸೂರ್ಯ-ಚಂದ್ರ ಜೋಡುಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದರು, ಅದೇ ಲೆಕ್ಕದಲ್ಲಿ ಅದು 9.51. ಮರುವರ್ಷ ಶ್ರೀನಿವಾಸ ಗೌಡರೇ 125 ಮೀಟರನ್ನು 11.21ರಲ್ಲಿ ಮುಗಿಸಿದಾಗ ಅಂಕಿ 8.96ಕ್ಕೆ ಇಳಿಯಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ನೂರು ಮೀಟರ್ ಓಟದ ವಿಶ್ವದಾಖಲೆ ಜಿಮ್ ಹೈನ್ಸ್‌ನ 9.95ರಿಂದ (1968) ಬೋಲ್ಟ್‌ನ 9.58ಕ್ಕೆ ಬರಲು 41 ವರ್ಷ ಹಿಡಿಯಿತು, ಇಳಿದದ್ದು 0.37 ಸೆಕೆಂಡು. ನಮ್ಮಲ್ಲಿ ವರ್ಷವೊಂದರ ಆಸುಪಾಸಿನಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಕರಗಿಹೋಯಿತು. ಮನುಷ್ಯನ ಕಾಲಾಗಲಿ ಕೋಣದ ಕಾಲಾಗಲಿ ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಕರೆಯ ಉದ್ದ, ನೀರಿನ ಆಳ, ಕೆಸರಿನ ಹದ. ಹಾಗಾದರೆ ಈ ಅಂಕಿ ಯಾರ ಸಾಧನೆಯನ್ನು ಅಳೆಯುತ್ತಿದೆ? ಕಂಬಳದ ಓಟಗಾರನೊಬ್ಬನ ಬದುಕಿನ ಅತಿ ದೊಡ್ಡ ಸಾಧನೆ ಯಾವುದು ಎಂಬ ಪ್ರಶ್ನೆಗೆ ಸೆಕೆಂಡು ಉತ್ತರವಾಗಲಾರದು, ಋತುವಿನಿಂದ ಋತುವಿಗೆ ಬೇರೆ ಬೇರೆ ಕರೆಗಳಲ್ಲಿ ಉಳಿಸಿಕೊಂಡ ಗೆಲುವು ಮಾತ್ರ ಉತ್ತರವಾದೀತು ಎಂಬುದು ನನ್ನ ವಾದ.

ಈ ಪ್ರಶ್ನೆಯೇ ಹೊಸದು. ದೇವರ ಕಂಬಳದಲ್ಲಿ ಗೆದ್ದವರು ಸೋತವರು ಎಂಬ ಮಾತಿರಲಿಲ್ಲ. ಕುಂದಾಪುರದ ಕಡೆಯ ವಂಡಾರಿನಂಥ ಕಡೆ ಹರಕೆಯ ಕೋಣಗಳು ಗದ್ದೆಗಿಳಿದು ಹತ್ತಿದರೆ ಕಾರ್ಯ ಮುಗಿಯುತ್ತಿತ್ತು. ಮಾನ ಸಲ್ಲುತ್ತಿದ್ದುದು ದೈವಕ್ಕೆ, ಗುತ್ತು, ಬೀಡು ಎಂಬ ಊರ ಹಿರಿಮನೆಗಳಿಗೆ. ಮಂಗಳೂರಿನ ಕದ್ರಿಯಲ್ಲಿ ಅರಸು ಕಂಬಳದ ಗದ್ದೆಯ ನೆನಪು ಇಂದಿಗೂ ಕದ್ರಿ ಕಂಬಳ ಎಂಬ ಬಡಾವಣೆಯ ಹೆಸರಲ್ಲಿ ಉಳಿದಿದೆ. ಆ ಕಾಲವನ್ನು ಹೊಗಳುವವರು ಅದರ ಇನ್ನೊಂದು ಮುಖವನ್ನೂ ಹೇಳಬೇಕು: ಕೋಣಗಳಿಗಿಂತ ಮೊದಲು ಕೊರಗ ಸಮುದಾಯದವರನ್ನು ಕರೆಯಲ್ಲಿ ಓಡಿಸುತ್ತಿದ್ದ ಪದ್ಧತಿ ಈ ಆಚರಣೆಯ ಭಾಗವೇ ಆಗಿತ್ತು, ಕೊರಗರನ್ನು ಹೀಗೆ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಅಲ್ಲಿ ಓಡಿದ ಮನುಷ್ಯನ ಹೆಸರನ್ನು ಯಾರೂ ಬರೆದಿಡಲಿಲ್ಲ. ಎರಡು ಕರೆಗಳನ್ನು ಅಕ್ಕಪಕ್ಕದಲ್ಲಿ ಹೂಡಿದ ಜೋಡುಕರೆ ಬಂದ ಮೇಲೆ ಎದುರಾಳಿ ಕಣ್ಣಿಗೆ ಕಾಣತೊಡಗಿದ, ಗೆಲುವು ಎಂಬುದು ಹುಟ್ಟಿತು. ಕೋಣಗಳಿಗೆ ಕಟ್ಟುವುದನ್ನು ಅನುಸರಿಸಿ ನೇಗಿಲು ಮತ್ತು ಹಗ್ಗ, ಇವೆರಡರಲ್ಲೂ ಹಿರಿಯ ಮತ್ತು ಕಿರಿಯ, ಜೊತೆಗೆ ಅಡ್ಡಹಲಗೆ ಮತ್ತು ಕನೆಹಲಗೆ ಎಂದು ವಿಭಾಗಗಳು ನಿಂತವು. ಬಹುಮಾನ ಪವನಿನ ಲೆಕ್ಕದ ಚಿನ್ನವಾಯಿತು. ಫಲಿತಾಂಶದ ಪಟ್ಟಿಯಲ್ಲಿ ಮೊದಲು ಕೋಣಗಳ ಯಜಮಾನರ ಹೆಸರು, ಅದರ ಕೆಳಗೆ ಓಡಿಸಿದವರ ಹೆಸರು; ಓಟಗಾರ ದಾಖಲೆಯೊಳಗೆ ಬಂದದ್ದು ಹೀಗೆ, ಎರಡನೆಯ ಸಾಲಿನಲ್ಲಿ.

ಮುಂದಿನ ತಿರುವನ್ನು ತಂದದ್ದು ನ್ಯಾಯಾಲಯ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನು ನಿಷೇಧಿಸಿ ಕೊಟ್ಟ ತೀರ್ಪಿನ ನೆರಳು ಕರಾವಳಿಗೂ ಬಿತ್ತು. 2016ರ ನವೆಂಬರಿನಲ್ಲಿ ರಾಜ್ಯ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. 2017ರಲ್ಲಿ ವಿಧಾನಮಂಡಲ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಈ ಹೋರಾಟದ ವರ್ಷಗಳಲ್ಲಿ ಕಂಬಳ ತಾನೊಂದು ಶಿಸ್ತಿನ ಕ್ರೀಡೆ ಎಂದು ಹೊರಗಿನವರ ಮುಂದೆ ತೋರಿಸಿಕೊಳ್ಳಬೇಕಾಗಿತ್ತು. ಗುಣಪಾಲ ಕಡಂಬರ ಮುಂದಾಳತ್ವದ ಕಂಬಳ ಅಕಾಡೆಮಿ ಅದಕ್ಕೂ ಮೊದಲೇ ಯುವಕರನ್ನು ತರಬೇತು ಮಾಡತೊಡಗಿತ್ತು. ಓಟ ಮುಗಿಯುವ ಮಂಜೊಟ್ಟಿಯಲ್ಲಿ ಲೇಸರ್ ಕಿರಣ ಬಂತು, ಸೆಕೆಂಡಿನ ನೂರನೇ ಭಾಗ ಬೋರ್ಡಿನ ಮೇಲೆ ಬಂತು. ಯಾವ ಜೋಡಿ ಮುಂದೆ ಬಂತೆಂಬ ಜಗಳವನ್ನು ಬಿಡಿಸಲು ತಂದ ಸಾಧನವದು. ಅದರಿಂದ ವಿಶ್ವದಾಖಲೆಯನ್ನು ಅಳೆಯಲು ಹೊರಟದ್ದು ಆಮೇಲಿನವರ ಉತ್ಸಾಹ.

ಇಂಥ ಗೊಂದಲ ಕಂಬಳಕ್ಕೆ ಮಾತ್ರ ಬಂದದ್ದಲ್ಲ. ಬಾಕ್ಸಿಂಗ್ ಶತಮಾನಕ್ಕೂ ಹೆಚ್ಚು ಕಾಲದಿಂದ ಯಾರ ಸಾಧನೆ ದೊಡ್ಡದು ಎಂಬ ಇದೇ ಪ್ರಶ್ನೆಯೊಂದಿಗೆ ಗುದ್ದಾಡುತ್ತಿದೆ. ರಾಕಿ ಮಾರ್ಸಿಯಾನೊ 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತನಾದ. ಮಹಮ್ಮದ್ ಅಲಿ ಐದು ಸಲ ಸೋತ. ಅಂಕಿಯೊಂದೇ ಮಾತಾಡುವುದಾದರೆ ಮಾರ್ಸಿಯಾನೊ ದೊಡ್ಡವನು, ಆದರೆ ಲಿಸ್ಟನ್, ಫ್ರೇಜಿಯರ್, ಫೋರ್‌ಮನ್ ಎಂಬ ಎದುರಾಳಿಗಳ ಸಾಲನ್ನು ನೋಡಿದವರು ಅಲಿಯ ಹೆಸರನ್ನೇ ಮೊದಲು ಹೇಳುತ್ತಾರೆ. ಹೆನ್ರಿ ಆರ್ಮ್‌ಸ್ಟ್ರಾಂಗ್ 1938ರಲ್ಲಿ ಮೂರು ತೂಕಗಳ ವಿಶ್ವಪಟ್ಟವನ್ನು ಒಟ್ಟಿಗೆ ಇಟ್ಟುಕೊಂಡಿದ್ದ. ತೂಕದ ವಿಭಾಗಗಳು ಕಡಿಮೆಯಿದ್ದ ಕಾಲವದು. ಈಗ ಹದಿನೇಳು ವಿಭಾಗ, ಪ್ರತಿಯೊಂದಕ್ಕೂ ನಾಲ್ಕು ಸಂಸ್ಥೆಗಳ ಪಟ್ಟ; ಎರಡು ಕಾಲದ ಪಟ್ಟಗಳನ್ನು ಒಂದೇ ಲೆಕ್ಕದಲ್ಲಿ ಎಣಿಸಲಾಗದು. ನಮ್ಮ ದೇಶದ ಮೇರಿ ಕೋಮ್ 2002ರಿಂದ 2010ರೊಳಗೆ ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದರೂ ಮನೆಮಾತಾದದ್ದು 2012ರ ಲಂಡನ್ ಒಲಿಂಪಿಕ್ಸ್‌ನ ಕಂಚಿನಿಂದ. ಅತಿ ಹೆಚ್ಚು ಜನ ಕಂಡದ್ದೇ ಅತಿ ದೊಡ್ಡ ಸಾಧನೆ ಎಂದು ತಿಳಿಯುವ ತಪ್ಪು ಅಲ್ಲಿಯೂ ನಡೆಯಿತು. ಐಕಳದಲ್ಲೂ ಆದದ್ದು ಅದೇ.

ಇದಕ್ಕೆ ಒಂದು ಆಕ್ಷೇಪ ತಕ್ಷಣ ಬರುತ್ತದೆ: ಬಾಕ್ಸರ್ ಒಬ್ಬಂಟಿ, ಕಂಬಳದಲ್ಲಿ ಓಡುವುದು ಕೋಣ. ಗೆದ್ದ ಹೆಗ್ಗಳಿಕೆ ಅವುಗಳನ್ನು ವರ್ಷವಿಡೀ ಸಾಕಿದ ಯಜಮಾನರದ್ದು, ಓಟಗಾರನಿಗೆ ಪ್ರತ್ಯೇಕ ಸಾಧನೆ ಎಲ್ಲಿಂದ ಬಂತು? ಈ ಮಾತಿನಲ್ಲಿ ಹುರುಳಿದೆ. ಶ್ರೀನಿವಾಸ ಗೌಡರು ಕೂಡ ಶ್ರೇಯಸ್ಸಿನ ದೊಡ್ಡ ಪಾಲನ್ನು ಕೋಣಗಳಿಗೆ ಕೊಟ್ಟರು. ಕೇಂದ್ರ ಕ್ರೀಡಾ ಸಚಿವರು ಕ್ರೀಡಾ ಪ್ರಾಧಿಕಾರದ ಟ್ರಯಲ್ಸಿಗೆ ಕರೆದಾಗ, ಕಂಬಳದಲ್ಲಿ ಕೆಲಸ ಹಿಮ್ಮಡಿಯದ್ದು, ಟ್ರ್ಯಾಕಿನಲ್ಲಿ ಬೆರಳುಗಳದ್ದು ಎಂದು ಹೇಳಿ ಹಿಂದೆ ಸರಿದರು. ಇಡೀ ಚರ್ಚೆಯಲ್ಲಿ ವಿವೇಕದ ಮಾತು ಬಂದಿದ್ದರೆ ಅದು ಅವರಿಂದಲೇ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುವ ಬದಲು ಗಟ್ಟಿ ಮಾಡುತ್ತದೆ. ಒಂದು ಓಟದಲ್ಲಿ ಕೋಣದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬಿಡಿಸಲಾಗದು. ಒಬ್ಬನೇ ಓಟಗಾರ ಹಗ್ಗದಲ್ಲಿ ಒಬ್ಬ ಯಜಮಾನರ ಜೋಡಿಯನ್ನೂ ನೇಗಿಲಿನಲ್ಲಿ ಇನ್ನೊಬ್ಬರ ಜೋಡಿಯನ್ನೂ ಓಡಿಸಿ, ಕಟಪಾಡಿ, ಮಿಯ್ಯಾರು, ಉಪ್ಪಿನಂಗಡಿ, ಗಡಿಯಾಚೆಯ ಪೈವಳಿಕೆ, ಮಂಗಳೂರಿನ ಬಂಗ್ರಕೂಳೂರು ಎಂದು ಕರೆ ಬದಲಾದರೂ ಮಂಜೊಟ್ಟಿಯಲ್ಲಿ ಮುಂದೆ ಬರುತ್ತಿದ್ದರೆ ಮಾತ್ರ ಅವನ ಪಾಲು ಬೇರೆಯಾಗಿ ಕಾಣುತ್ತದೆ. ಜೋಡಿ ಬದಲಾಗಿದೆ, ಕೆಸರು ಬದಲಾಗಿದೆ, ಬದಲಾಗದೆ ಉಳಿದವನು ಅವನೊಬ್ಬ. ಹಗಲು ರಾತ್ರಿ ನಡೆಯುವ ಕೂಟದಲ್ಲಿ ಸುತ್ತಿನ ಮೇಲೆ ಸುತ್ತು ಓಡಿ, ಬೆಳಗಿನ ಜಾವದ ಫೈನಲಿಗೂ ಉಸಿರು ಉಳಿಸಿಕೊಳ್ಳುವ ಸಾಮರ್ಥ್ಯ ಸೆಕೆಂಡಿನ ಬೋರ್ಡಿನಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಆಕ್ಷೇಪ ವ್ಯಾವಹಾರಿಕವಾದದ್ದು. ಆ 9.55 ಇಲ್ಲದಿದ್ದರೆ ಮುಖ್ಯಮಂತ್ರಿ ಓಟಗಾರನನ್ನು ಬೆಂಗಳೂರಿಗೆ ಕರೆಸಿ ಸನ್ಮಾನಿಸುತ್ತಿದ್ದರೇ, 2023ರ ನವೆಂಬರಿನಲ್ಲಿ ಅರಮನೆ ಮೈದಾನದಲ್ಲಿ ಕರೆ ತೋಡುತ್ತಿದ್ದರೇ? ಬಹುಶಃ ಇಲ್ಲ. ಪ್ರಚಾರದ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕೂಲಿ ಮಾಡಿ ಬದುಕುವ ಓಟಗಾರನಿಗೆ ಅದು ಸಣ್ಣ ವಿಷಯವಲ್ಲ. ಆದರೆ ಪ್ರಚಾರ ತಂದದ್ದನ್ನೇ ಅಳತೆಗೋಲು ಮಾಡಿಕೊಂಡರೆ ಕೆಲವು ಪರಿಣತಿಗಳು ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ. ಕನೆಹಲಗೆಯನ್ನೇ ನೋಡಿ. ಅಲ್ಲಿ ವೇಗಕ್ಕೆ ಬಹುಮಾನವಿಲ್ಲ. ಓಡುವ ಕೋಣಗಳ ಹಿಂದೆ ಹಲಗೆಯ ಮೇಲೆ ನಿಂತವನು, ಅದರ ತೂತುಗಳಿಂದ ಚಿಮ್ಮುವ ನೀರನ್ನು ಮೇಲೆ ಕಟ್ಟಿದ ನಿಶಾನೆಗೆ ಮುಟ್ಟಿಸಬೇಕು. ಅದರ ಎತ್ತರ ಆರೂವರೆ ಕೋಲು, ಇನ್ನೂ ಗಟ್ಟಿಗರಾದರೆ ಏಳೂವರೆ ಕೋಲು. ಕಾಲಿನ ಒತ್ತಡ ಒಂದಿಷ್ಟು ತಪ್ಪಿದರೆ ನೀರು ಪಕ್ಕಕ್ಕೆ ಹೋಗುತ್ತದೆ. ನಿಶಾನೆಗೆ ನೀರು ಹಾಯಿಸಿದವರು ಇಬ್ಬರು ಮೂವರಿದ್ದರೆ ಎಲ್ಲರಿಗೂ ಸಮಾನ ಬಹುಮಾನ. ಎದುರಾಳಿಯನ್ನು ಹಿಂದಿಕ್ಕುವ ಪ್ರಶ್ನೆಯೇ ಅಲ್ಲಿಲ್ಲ, ಮನುಷ್ಯನ ಕೌಶಲ ಇಡೀ ಕಂಬಳದಲ್ಲಿ ಅತ್ಯಂತ ನಿಚ್ಚಳವಾಗಿ ಕಾಣುವುದೂ ಅಲ್ಲಿಯೇ. ಬೋಲ್ಟ್‌ನ ಪಕ್ಕದಲ್ಲಿ ಇಟ್ಟು ತೂಗಲು ಅದಕ್ಕೊಂದು ಅಂಕಿಯಿಲ್ಲ, ಹಾಗಾಗಿ ಹಲಗೆಯ ಮೇಲೆ ನಿಂತವರ ಹೆಸರು ಮರುದಿನದ ಫಲಿತಾಂಶದ ಪಟ್ಟಿಯಿಂದಾಚೆಗೆ ಹೋಗುವುದು ಅಪರೂಪ. ಋತುವಿನ ಕೊನೆಗೆ ಓಟಗಾರರ ಲೆಕ್ಕ ತೆಗೆಯುವವರು ವಿಭಾಗ, ಜೋಡಿ, ಕರೆ ಮೂರನ್ನೂ ಸೇರಿಸಿ ಪ್ರತಿ ಹೆಸರಿನ ಮುಂದೆ ಬರೆದಿಟ್ಟರೆ ಹಗ್ಗದ ಹಿರಿಯ ಓಟಗಾರನಷ್ಟೇ ದೊಡ್ಡ ಹೆಸರುಗಳು ಹಲಗೆಯ ಕಡೆಯಿಂದಲೂ ಎದ್ದು ಬಂದಾವು.