ಸೋತ ಪಾದ್ರಿಯ ನಿಘಂಟು

ಕಿಟೆಲ್ ಅಂದ ತಕ್ಷಣ ನಮಗೆ ನೆನಪಾಗೋದು ನಿಘಂಟು. ಧಾರವಾಡದವರಿಗೆ ಅದೊಂದು ಕಾಲೇಜಿನ ಹೆಸರು. ಬೆಂಗಳೂರಿನವರಿಗೆ ಎಂ.ಜಿ. ರೋಡಿನ ಮೇಯೋ ಹಾಲ್ ಹತ್ತಿರ ನಿಂತಿರೋ ಪ್ರತಿಮೆ. ಸಿಗ್ನಲ್ ಬಿಟ್ಟ ಗಡಿಬಿಡಿಯಲ್ಲಿ ಅದನ್ನು ಯಾರೂ ಕತ್ತೆತ್ತಿ ನೋಡೋದಿಲ್ಲ, ಆ ಮಾತು ಬೇರೆ. ಆದರೆ ಈ ಮನುಷ್ಯ ನಮ್ಮ ನಾಡಿಗೆ ನಿಘಂಟು ಬರೆಯೋಕೆ ಬಂದವರೇ ಅಲ್ಲ. ಯೇಸುವಿನ ಮಾತನ್ನು ಇಲ್ಲಿನ ಜನಕ್ಕೆ ಮುಟ್ಟಿಸೋಕೆ ಬಂದವರು. ಆ ಕೆಲಸದಲ್ಲಿ ಅವರು ಗೆಲ್ಲಲಿಲ್ಲ. 2006ರಲ್ಲಿ ರೈನ್‌ಹಾರ್ಡ್ ವೆಂಟ್ ಅನ್ನೋ ಜರ್ಮನ್ ಇತಿಹಾಸಕಾರರು ಕಿಟೆಲ್ ಬಗ್ಗೆ ಸಂಪಾದಿಸಿದ ಪುಸ್ತಕದ ಹೆಸರಿನಲ್ಲೇ ಅವರ ಆರಂಭದ ಸೋಲು ಮತ್ತು ಸತ್ತ ಮೇಲಿನ ಗೆಲುವು ಎರಡೂ ಇವೆ.

ನಾವು ಗೆಲುವನ್ನಷ್ಟೇ ಇಟ್ಟುಕೊಂಡಿದ್ದೀವಿ. ನನಗೆ ಆ ಸೋಲಿನ ಕಾಲದ ಬಗ್ಗೆ ಹೆಚ್ಚು ಕುತೂಹಲ.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡ್ ಅನ್ನೋ ಕಡಲತೀರದ ಸೀಮೆಯಲ್ಲಿ. ತಂದೆ ಅಲ್ಲಿ ಪಾದ್ರಿ. ಅದೇ ವರ್ಷ ಇತ್ತ ಮದ್ರಾಸಿನಲ್ಲಿ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಅರವತ್ತೆರಡು ವರ್ಷ ಆದಮೇಲೆ ಅದನ್ನು ಹಿಂದೆ ಹಾಕಿದ್ದು ಆ ವರ್ಷ ತೊಟ್ಟಿಲಲ್ಲಿದ್ದ ಈ ಕೂಸು.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಮಿಷನ್ ಮಂಗಳೂರಿಗೆ ಕಾಲಿಟ್ಟಿದ್ದು 1834ರಲ್ಲಿ. ಶಾಲೆ, ನೇಯ್ಗೆ, 1841ರಲ್ಲಿ ಪ್ರೆಸ್ಸು, ಆಮೇಲೆ ಹೆಂಚಿನ ಕಾರ್ಖಾನೆ, ಹೀಗೆ ಬೆಳೀತಾ ಹೋಯಿತು. ನಮ್ಮ ಮನೆ ಮಾಡಿನ ಮೇಲಿನ 'ಮಂಗಳೂರು ಹೆಂಚು' ಬಂದಿದ್ದೇ ಇವರಿಂದ. ಇದನ್ನೆಲ್ಲ ನಡೆಸ್ತಾ ಇದ್ದದ್ದು ಬಾಸೆಲ್‌ನಲ್ಲಿ ಕೂತ ಒಂದು ಕಮಿಟಿ. ಮಿಷನರಿ ಮದುವೆಯಾಗಬೇಕು ಅಂದ್ರೂ ಕಮಿಟಿಯ ಒಪ್ಪಿಗೆ ಬೇಕು. ಹೆಡ್ ಆಫೀಸು ಒಂದು ಖಂಡದಲ್ಲಿ, ಕೆಲಸ ಇನ್ನೊಂದು ಖಂಡದಲ್ಲಿ ಅನ್ನೋ ವ್ಯವಸ್ಥೆ ನಮ್ಮ ಐಟಿಯವರು ಕಂಡುಹಿಡಿದದ್ದೇನಲ್ಲ ಬಿಡಿ. ಪ್ರತಿ ವರ್ಷ ವರದಿ ಹೋಗಬೇಕು, ಯಾವ ಊರಿನ ಸಭೆಯಲ್ಲಿ ಎಷ್ಟು ಜನ ಅಂತ ಕೋಷ್ಟಕ ತುಂಬಬೇಕು.

ಇಂಥ ಸಂಸ್ಥೆಯಿಂದ ತರಬೇತಿ ಪಡೆದು 1853ರಲ್ಲಿ ಕಿಟೆಲ್ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಬಂದ ಮೊದಲ ಕೆಲವು ವರ್ಷಗಳಲ್ಲೇ ತೊಂದರೆ ಶುರುವಾಯಿತು.

ಬಾಸೆಲ್ ಮಿಷನ್ನಿನ ಹೆಚ್ಚಿನವರು ದಕ್ಷಿಣ ಜರ್ಮನಿಯವರು, ರೈತರ ಮತ್ತು ಕುಶಲಕರ್ಮಿಗಳ ಮನೆಯಿಂದ ಬಂದವರು. ಕಿಟೆಲ್ ಉತ್ತರದವರು, ಚೆನ್ನಾಗಿ ಓದಿಕೊಂಡವರು. ಮಾತಿನ ಧಾಟಿ ಬೇರೆ, ಓದು ಬೇರೆ. ಹಳ್ಳಿಯಿಂದ ಬಂದು ಬೆಂಗಳೂರಿನ ಟೀಮಿನಲ್ಲಿ ಮೊದಲ ವರ್ಷ ಊಟದ ಟೇಬಲ್ಲಿನ ಜೋಕು ಅರ್ಥವಾಗದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ವ್ಯತ್ಯಾಸ ತಿರುಗುಮುರುಗು ಇತ್ತು, ಅಷ್ಟೆ. ಅವರನ್ನು ದೂರ ಇಟ್ಟಿದ್ದು ಅವರ ಓದು.

ಅದರ ಮೇಲೆ ಕಿಟೆಲ್‌ಗೆ ತಮ್ಮದೇ ಒಂದು ಹಟ. ಬೋಧಿಸೋ ಮೊದಲು ಈ ಜನರ ಹಾಗೆ ಬದುಕಬೇಕು, ಇವರ ಮಾತು, ಪದ್ಧತಿ, ಸಂಗೀತ ಕಲೀಬೇಕು ಅಂತ. ಯೆಹೂದ್ಯರ ನಡುವೆ ಯೆಹೂದ್ಯನಂತೆ ಇದ್ದೆ ಅನ್ನೋ ಅರ್ಥದ ಮಾತನ್ನು ಸಂತ ಪೌಲ ಹೇಳಿದ್ದು ಎಲ್ಲ ಮಿಷನರಿಗಳಿಗೂ ಬಾಯಿಪಾಠ. ಕಿಟೆಲ್ ಅದನ್ನು ಮಾಡಿ ನೋಡೋಕೆ ಹೊರಟರು. ಧಾರವಾಡದ ಸುತ್ತಮುತ್ತ ಹಳ್ಳಿ ಹಳ್ಳಿ ನಡೆದರು. ಮಿಷನ್ನಿಗೆ ಇದು ಸರಿಬರಲಿಲ್ಲ, ಟೀಕೆ ಬಂತು. ಧಾರವಾಡ, ನೀಲಗಿರಿ, ಮಂಗಳೂರು, ಮಡಿಕೇರಿ ಅಂತ ಅವರ ಠಿಕಾಣಿ ಬದಲಾಗುತ್ತಾ ಹೋಯಿತು. ಮತಾಂತರದ ಕೋಷ್ಟಕದಲ್ಲಿ ಅವರ ಹೆಸರಿನ ಮುಂದೆ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಮನೆಯಲ್ಲೂ ನೆಮ್ಮದಿ ಉಳೀಲಿಲ್ಲ. 1860ರಲ್ಲಿ ಮದುವೆಯಾದ ಪೌಲೀನ್ 1864ರಲ್ಲಿ ತೀರಿಕೊಂಡರು. ಮೂವತ್ತೆರಡರ ಹರೆಯದಲ್ಲಿ ಹೆಂಡತಿಯನ್ನು ಕಳಕೊಂಡ, ತನ್ನವರ ನಡುವೆಯೇ ಪರಕೀಯನಾದ ಒಬ್ಬ ಪಾದ್ರಿ. ಆಗಿನ ಕಿಟೆಲ್ ಇಷ್ಟೇ.

ಸಾಮಾನ್ಯವಾಗಿ ಇಂಥ ಕಥೆಯಲ್ಲಿ ಈ ಜಾಗಕ್ಕೆ ಬಂದಾಗ 'ದೇವರು ಅವರನ್ನು ದೊಡ್ಡ ಕೆಲಸಕ್ಕೆ ಸಿದ್ಧ ಮಾಡ್ತಾ ಇದ್ದ' ಅಂತ ಒಂದು ಸಾಲು ಬರುತ್ತೆ. ಆ ಸಾಲು ಬರೆಯೋ ಮುಂಚೆ ಒಂದು ಪ್ರಶ್ನೆ ಕೇಳಬೇಕು ಅನ್ಸುತ್ತೆ. ಸಿದ್ಧ ಮಾಡೋದು ಅಂದ್ರೆ ಏನು? ಸುಮ್ಮನೆ ಕಾಯಿಸೋದಾ? ಸೋತವನನ್ನು ಒಂದು ಮೂಲೆಯಲ್ಲಿ ಕೂರಿಸಿ, ಸಮಯ ಬಂದಾಗ ಎಬ್ಬಿಸಿ ಕಳಿಸೋದಾ?

ಕಿಟೆಲ್ ಪುಸ್ತಕಗಳನ್ನು ಇಸವಿಯ ಪ್ರಕಾರ ಜೋಡಿಸಿ ನೋಡಿದ್ರೆ ಬೇರೆಯದೇ ಕಾಣುತ್ತೆ. 1862ರಲ್ಲಿ ಅವರು 'ಕಥಾಮಾಲೆ' ಅನ್ನೋ ಪುಸ್ತಕ ತಂದರು. ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ ಹಾಡೋ ಪ್ರಯತ್ನ. ಉದ್ದೇಶ ಧರ್ಮಬೋಧೆಯೇ. ಆದರೆ ಕನ್ನಡದಲ್ಲಿ ಪದ್ಯ ಕಟ್ಟಬೇಕು ಅಂದ್ರೆ ಮಾತ್ರೆ, ಗಣ, ಪ್ರಾಸ ಗೊತ್ತಿರಬೇಕು. ಅದನ್ನು ಕಲಿಸೋ ಅಚ್ಚಾದ ಪುಸ್ತಕ ಎಲ್ಲಿತ್ತು? ತಾಳೆಗರಿಗಳಲ್ಲಿ ಹುಡುಕಬೇಕು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಅವರೇ ಸಂಪಾದಿಸಿ ಅಚ್ಚು ಹಾಕಿಸಿದರು, ಮುನ್ನುಡಿಯಾಗಿ ಕನ್ನಡ ಸಾಹಿತ್ಯದ ಮೇಲೊಂದು ಪ್ರಬಂಧ ಸೇರಿಸಿ. ಅದಕ್ಕೂ ಮೊದಲು, 1872ರಲ್ಲಿ, ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ತಂದಿದ್ದರು. ಹಳಗನ್ನಡದ ವ್ಯಾಕರಣ ಅದು, ಹದಿಮೂರನೇ ಶತಮಾನದ್ದು. ಹಾಡು ಬರೆಯೋಕೆ ಹೋದವರು ಛಂದಸ್ಸಿಗೂ ವ್ಯಾಕರಣಕ್ಕೂ ಇಳಿದರು. ವ್ಯಾಕರಣಕ್ಕೆ ಇಳಿದವರು ಪದಗಳ ಬುಡಕ್ಕೆ ಹೋಗದೆ ಇರೋಕೆ ಆಗಲ್ಲ.

ದಾರಿ ಅವರೊಬ್ಬರೇ ಕಡಿದದ್ದಲ್ಲ. ಅವರಿಗಿಂತ ಮೊದಲೇ ಹೆರ್ಮನ್ ಮೊಗ್ಲಿಂಗ್ ಇದ್ದರು, 1843ರಲ್ಲಿ 'ಮಂಗಳೂರ ಸಮಾಚಾರ' ಅನ್ನೋ ಕನ್ನಡದ ಮೊದಲ ಪತ್ರಿಕೆ ತಂದವರು. 'ಬಿಬ್ಲಿಯೋಥಿಕಾ ಕರ್ನಾಟಿಕಾ' ಅನ್ನೋ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದೂ ಅವರೇ. ಅವರು 1860ರಲ್ಲಿ ಜರ್ಮನಿಗೆ ಹೋದವರು ಮತ್ತೆ ಬರಲಿಲ್ಲ. ಕಿಟೆಲ್ ನಿಘಂಟು ಬಿಡಿಸಿ ನೋಡಿ, ಪದಗಳ ಮುಂದೆ ಆಧಾರವಾಗಿ ಇದೇ ಬಸವಪುರಾಣ, ಜೈಮಿನಿ, ದಾಸರ ಪದಗಳ ಸಂಕೇತಾಕ್ಷರಗಳು ಬರ್ತಾವೆ. ಶಬ್ದಮಣಿದರ್ಪಣದ್ದೂ ಬರುತ್ತೆ.

ಇದೆಲ್ಲದರ ಜೊತೆ ಗಾದೆಗಳೂ ಇವೆ, ರಾಶಿ ರಾಶಿ. ಆಡುಮಾತಿದೆ. ಒಂದು ಪದಕ್ಕೆ ತುಳು, ತೆಲುಗು, ತಮಿಳು, ಮಲಯಾಳದ ನಂಟರು ಯಾರು ಅಂತ ಇದೆ. ಮರಾಠಿಯಿಂದ ಬಂದದ್ದಾ, ಹಿಂದೂಸ್ತಾನಿಯಿಂದ ಬಂದದ್ದಾ ಅಂತ ಗುರುತಿದೆ. ಸಂಸ್ಕೃತಕ್ಕೇ ದ್ರಾವಿಡದಿಂದ ಹೋಗಿರಬಹುದಾದ ಪದಗಳ ಉದ್ದನೆಯ ಪಟ್ಟಿ ಮುನ್ನುಡಿಯಲ್ಲೇ ಇದೆ. ನಮ್ಮ ಹಳ್ಳಿಯಲ್ಲಿ ಕಾಳು ಶೇಖರಿಸೋಕೆ ನೆಲದಲ್ಲಿ ತೋಡ್ತಿದ್ದ ಗುಂಡಿಗೆ 'ಹಗೇವು' ಅಂತಿದ್ರು. ನನ್ನ ಆಫೀಸಿನಲ್ಲಿ ಕನ್ನಡ ಬಲ್ಲ ಹತ್ತು ಜನರನ್ನು ಕೇಳಿದ್ರೆ ಒಂಬತ್ತು ಜನಕ್ಕೆ ಗೊತ್ತಿರಲ್ಲ. ಕಿಟೆಲ್‌ಗೆ ಗೊತ್ತಿತ್ತು.

ಇಂಥ ಪದ ಲೈಬ್ರರಿಯಲ್ಲಿ ಕೂತು ಸಿಗೋದಲ್ಲ. ಕಾವ್ಯ ಕೊಡೋ ಪದ ಬೇರೆ, ಕಣದಲ್ಲಿ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಕಿವಿಗೆ ಬೀಳೋ ಪದ ಬೇರೆ. ಯಾವ ಕಾಲ್ನಡಿಗೆಯ ತಿರುಗಾಟ ಮಿಷನ್ನಿಗೆ ಹಿಡಿಸಲಿಲ್ಲವೋ, ಆ ತಿರುಗಾಟದಲ್ಲಿ ಅವರ ಕಿವಿ ಪಳಗಿತು. ಯಾವ ಓದು ಅವರನ್ನು ತನ್ನವರಿಂದ ದೂರ ಇಟ್ಟಿತೋ ಅದೇ ಓದು ಹಸ್ತಪ್ರತಿಗಳನ್ನು ತಾಳೆ ನೋಡೋಕೆ ಬೇಕಾಯಿತು. ವೇದಿಕೆ ಸಿಗದೆ ಹೋದದ್ದರಿಂದ ಮೇಜು ಸಿಕ್ಕಿತು. ಅವರು ಸೋತ ಕೆಲಸದ ಒಳಗೇ, ಅವರಿಗೇ ತಿಳಿಯದ ಹಾಗೆ, ಇನ್ನೊಂದು ಕೆಲಸದ ಸಾಮಾನು ಸೇರ್ತಾ ಇತ್ತು.

ಬೈಬಲ್ಲಿನ ಮೋಶೆಯ ಕಥೆ ಕಿಟೆಲ್‌ಗೆ ಚೆನ್ನಾಗಿ ಗೊತ್ತಿದ್ದೇ ಇರುತ್ತೆ. ಅರಮನೆಯಲ್ಲಿ ಬೆಳೆದ ಮೋಶೆ ಕೊಲೆ ಮಾಡಿ ಓಡಿಹೋಗಿ, ಮಿದ್ಯಾನಿನಲ್ಲಿ ಮಾವನ ಕುರಿ ಕಾಯ್ತಾ 40 ವರ್ಷ ಕಳೀತಾನೆ. ಯಾರಿಗೂ ಬೇಡದ ನಲವತ್ತು ವರ್ಷ. ಆದರೆ ಮುಂದೆ ಇಡೀ ಜನಾಂಗವನ್ನು ಕರಕೊಂಡು ಹೋಗಬೇಕಾಗಿದ್ದು ಮರುಭೂಮಿಯಲ್ಲೇ. ಕುರಿ ಕಾಯ್ತಾ ಹೋರೇಬ್ ಬೆಟ್ಟದ ತನಕ ಅಲೆದವನಿಗೆ ಆ ನೆಲದ ಗುಣ ಗೊತ್ತಿತ್ತು. ಅರಮನೆಯಲ್ಲಿ ಅದನ್ನು ಕಲಿಸೋರು ಯಾರು?

ಹಾಗಂತ ಕಿಟೆಲ್ ಅವರನ್ನು ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳೋದು ಬೇಡ. ಅವರು ಕೊನೆವರೆಗೂ ಪಾದ್ರಿಯೇ. 1872ರಲ್ಲಿ ವೈದಿಕ ಯಜ್ಞದ ಬಗ್ಗೆ, 1876ರಲ್ಲಿ ಲಿಂಗಪೂಜೆಯ ಮೂಲದ ಬಗ್ಗೆ ಬರೆದರು. ಕ್ರಿಸ್ತನೇ ಸತ್ಯ ಅನ್ನೋ ನಂಬಿಕೆಯಿಂದ ಅವರು ಅಲ್ಲಾಡಲಿಲ್ಲ. ಕನ್ನಡವನ್ನು ಪ್ರೀತಿಸಿ ತಮ್ಮ ದೇವರನ್ನು ಮರೆತರು ಅನ್ನೋದು ನಾವು ಕಟ್ಟಿಕೊಂಡ ಹಿತವಾದ ಕಥೆ. ನಿಜವಾದ ಕಥೆಯಲ್ಲಿ ಎರಡೂ ಒಟ್ಟಿಗೇ ಇವೆ, ಸ್ವಲ್ಪ ಇರುಸುಮುರುಸಾಗಿ.

1877ರಲ್ಲಿ ಅವರು ಜರ್ಮನಿಗೆ ವಾಪಸಾದರು. ಅಲ್ಲಿಗೆ ಮುಗೀಬಹುದಿತ್ತು. ಆದರೆ ನಿಘಂಟು ಅರ್ಧ ಆಗಿತ್ತು. 1883ರಲ್ಲಿ, ಐವತ್ತು ದಾಟಿದ ಮೇಲೆ, ಅದಕ್ಕೋಸ್ಕರ ಮತ್ತೆ ಹಡಗು ಹತ್ತಿದರು. ಈ ಸಲ ಮತ ಬೋಧನೆಯ ಮಾತು ಹಿಂದೆ ಸರಿದಿತ್ತು, ಪದಗಳೇ ಕೆಲಸ. ಇನ್ನೂ ಹಲವು ವರ್ಷ ಇಲ್ಲಿದ್ದು, ಇಲ್ಲಿನ ಪಂಡಿತರ ನೆರವಿನಿಂದ ಮುಗಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಅದು ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಕಂಪ್ಯೂಟರ್ ಇಲ್ಲ, ಸರ್ಚ್ ಇಲ್ಲ, ಸಾರ್ಟ್ ಇಲ್ಲ. ಡೇಟಾ ಮೈಗ್ರೇಶನ್ ಮಾಡಿ ಕೈ ಸುಟ್ಟುಕೊಂಡವರಿಗೆ 70,000 ನಮೂದುಗಳನ್ನು ಕೈಯಲ್ಲಿ ಬರೆದು, ಅಕ್ಷರಾನುಕ್ರಮದಲ್ಲಿ ಇಟ್ಟು, ಪ್ರೂಫ್ ತಿದ್ದೋದು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಈಗ ಆ ನಿಘಂಟು ಯಾರ ಕೈಗೆ ಹೋಯಿತು ನೋಡಿ. ಲಿಂಗಾಯತ ವಿದ್ವಾಂಸರು ವಚನ ಓದೋಕೆ ಅದನ್ನು ಬಳಸಿದರು. ಜೈನ ಕಾವ್ಯ ಸಂಪಾದಿಸಿದವರು, ದಾಸರ ಪದಕ್ಕೆ ಅರ್ಥ ಬರೆದವರು, ದೇವರನ್ನೇ ನಂಬದವರು, ಎಲ್ಲರೂ ಬಳಸಿದರು. ಮದ್ರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ 1960ರ ದಶಕದ ಕೊನೆಯಿಂದ ನಾಲ್ಕು ಸಂಪುಟಗಳಲ್ಲಿ ತಂದರು. ಆದರೆ ಅದನ್ನು ಓದಿ ಯಾರಾದರೂ ಚರ್ಚಿನ ಬಾಗಿಲು ತಟ್ಟಿದರೋ ಅಂದ್ರೆ, ಅಂಥ ಕಥೆ ನಾನಂತೂ ಕೇಳಿಲ್ಲ. ಮಿಷನ್ನಿನ ಕೋಷ್ಟಕದಲ್ಲಿ ಕಿಟೆಲ್ ಹೆಸರಿನ ಮುಂದಿನ ಅಂಕಿ ಬದಲಾಗಲೇ ಇಲ್ಲ. ಅವರ ಸೋಲು ಗೆಲುವಾಗಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಎದ್ದು ನಿಂತಿತು, ಅಷ್ಟೆ.

ನಂಬುವವರಿಗೆ ಇದು ಸುಲಭದ ಮಾತಲ್ಲ ಅಂದುಕೊಂಡಿದ್ದೀನಿ. ದೇವರ ಸೇವೆಗೆ ಅಂತ ಹೊರಟವನಿಗೆ ಸೇವೆ ಯಾವುದು ಅಂತ ಆರಿಸಿಕೊಳ್ಳೋ ಹಕ್ಕೇ ಇಲ್ಲ ಅಂದಹಾಗಾಯಿತು. ಆತ ಬೋಧಿಸೋಕೆ ಬಂದ, ಅವನಿಂದ ಬೇಕಾಗಿದ್ದು ಕೇಳಿಸಿಕೊಳ್ಳೋದು. ತನ್ನ ಮಾತನ್ನು ಈ ಜನಕ್ಕೆ ಕೊಡೋಕೆ ಬಂದವನು ಇವರ ಮಾತನ್ನು ಜೋಪಾನ ಮಾಡಿ ಇವರಿಗೇ ಕೊಟ್ಟು ಹೋದ.

ಇನ್ನೊಂದು ಮಾತು ಹೇಳಲೇಬೇಕು. ಕೆಲಸಕ್ಕೆ ಸೇರಿದ ಮೂರನೇ ವರ್ಷ ನನ್ನನ್ನು ಐದು ತಿಂಗಳು ಬೆಂಚ್ ಮೇಲೆ ಕೂರಿಸಿದ್ರು. ಪ್ರಾಜೆಕ್ಟ್ ಇಲ್ಲ, ಫೋನ್ ಬರಲ್ಲ, ಊರಿಗೆ ಫೋನ್ ಮಾಡಿದಾಗ 'ಕೆಲಸ ಹೇಗಿದೆಯಪ್ಪಾ' ಅಂತ ಅಮ್ಮ ಕೇಳಿದ್ರೆ ಏನು ಹೇಳೋದು? ಆಗ ಒಬ್ಬ ಹಿರಿಯರು 'ಇದೆಲ್ಲ ತಯಾರಿ ಕಣೋ, ಎಲ್ಲಾ ಒಳ್ಳೇದಕ್ಕೇ' ಅಂದಿದ್ದು ಸಮಾಧಾನ ಅನ್ನಿಸಲಿಲ್ಲ, ಸಿಟ್ಟು ಬಂತು. ಈಗಲೂ ಆ ಸಿಟ್ಟು ಸರಿ ಅನ್ಸುತ್ತೆ. ಎಲ್ಲ ಸೋಲೂ ತಯಾರಿಯಲ್ಲ. ಕಿಟೆಲ್ ಕಾಲದಲ್ಲಿ ಇಲ್ಲಿಗೆ ಬಂದ ಎಷ್ಟೋ ಯುವಕರು ಜ್ವರಕ್ಕೆ ಸಿಕ್ಕಿ, ಒಂದು ಭಾಷೆಯೂ ಕಲಿಯೋ ಮೊದಲೇ ಮಣ್ಣು ಸೇರಿದರು. ಪೌಲೀನ್ ಸಾವು ಯಾವ ನಿಘಂಟಿನ ತಯಾರಿ? ಹಾಗಂತ ಯಾರಾದರೂ 1864ರಲ್ಲಿ ಕಿಟೆಲ್‌ಗೆ ಹೇಳಿದ್ದರೆ ಅದು ಕ್ರೌರ್ಯ. ಸೋಲಿನಲ್ಲಿ ಇರೋರಿಗೆ ಹೊರಗಿನವರು ಹೇಳೋ ಮಾತಲ್ಲ ಅದು. ಹೇಳೋದಿದ್ರೆ ಅವರೇ, ಎಷ್ಟೋ ವರ್ಷ ಆದಮೇಲೆ, ಹಿಂತಿರುಗಿ ನೋಡಿ ಹೇಳಬೇಕು.

ಮುಂದಿನದು ಕಾಣದೆ ಇದ್ದಾಗ ಕಿಟೆಲ್ ಏನು ಮಾಡ್ತಾ ಇದ್ದರು ಅನ್ನೋದಷ್ಟೇ ನಮ್ಮ ಕೈಗೆ ಸಿಗೋ ಸಂಗತಿ. ಯಾರೂ ಗಮನಿಸದ ವರ್ಷಗಳಲ್ಲಿ ತಾಳೆಗರಿ ಓದ್ತಾ ಇದ್ದರು, ಗಾದೆ ಕೇಳಿದರೆ ಬರಕೊಳ್ತಾ ಇದ್ದರು, ಒಂದು ಪದಕ್ಕೆ ತುಳುವಿನಲ್ಲಿ ಏನಂತಾರೆ ಅಂತ ವಿಚಾರಿಸ್ತಾ ಇದ್ದರು. ಅವರು ಪ್ರಾರ್ಥನೆಯಲ್ಲಿ ಏನು ಕೇಳಿಕೊಂಡರೋ, ನಿಘಂಟನ್ನಂತೂ ಕೇಳಿರಲಿಕ್ಕಿಲ್ಲ. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಮುಂದಿನ ಪದಕ್ಕೆ ಕೂತರು.