ಗ್ರಾಫು ಪ್ರೆಸ್ಸಿಗೆ ಹೋದ ಕಥೆ

ಇತಿಹಾಸ ಹೇಳುವ ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳಿಬಿಡುತ್ತೇನೆ.

2009ನೇ ಇಸವಿ. ಮುಂಬಯಿಯಲ್ಲಿ ನಮ್ಮ ಕಡೆಯವರೇ ನಡೆಸುವ ಒಂದು ಸಣ್ಣ ಕ್ರೆಡಿಟ್ ಸೊಸೈಟಿಯ ವಾರ್ಷಿಕ ವರದಿ ಅಚ್ಚಿಗೆ ಹೋಗಬೇಕಿತ್ತು. "ನೀವು ಬ್ಯಾಂಕಿನವರಲ್ವಾ, ಒಂದು ಚಂದದ ಗ್ರಾಫ್ ಮಾಡಿಕೊಡಿ ಮಾರಾಯ್ರೆ" ಅಂದರು. ಎಕ್ಸೆಲ್‌ನಲ್ಲಿ ಐದು ನಿಮಿಷದ ಕೆಲಸ. ಠೇವಣಿಗೆ ನೀಲಿ ಕಂಬ, ವಸೂಲಾಗದ ಸಾಲಕ್ಕೆ ಕೆಂಪು ಕಂಬ. ಪ್ರಿಂಟ್ ಸ್ಕ್ರೀನ್ ಒತ್ತಿ, ಪೇಂಟ್‌ಗೆ ಅಂಟಿಸಿ, ಜೆಪೆಗ್ ಮಾಡಿ ಪ್ರೆಸ್ಸಿಗೆ ಕಳಿಸಿದೆ. ಕಂಪ್ಯೂಟರಿನಲ್ಲಿ ನೋಡಲು ಬಹಳ ಚೆನ್ನಾಗಿತ್ತು!

ವರದಿ ಅಚ್ಚಾಗಿ ಬಂತು, ಬರೀ ಕಪ್ಪು ಶಾಯಿಯಲ್ಲಿ. ನೀಲಿಯೂ ಬೂದಿ, ಕೆಂಪೂ ಬೂದಿ. ಅಂಕಿಗಳು ನೀರು ಬಿದ್ದ ಪತ್ರದ ಹಾಗೆ ಕಲಸಿಹೋಗಿದ್ದವು. ಮಹಾಸಭೆಯಲ್ಲಿ ಒಬ್ಬ ಹಿರಿಯರು ಎದ್ದು ನಿಂತರು. ಇಡೀ ಆಯಸ್ಸು ಹೋಟೆಲಿನಲ್ಲಿ ದುಡಿದು ಉಳಿಸಿದ್ದನ್ನು ನಮ್ಮಲ್ಲಿ ಇಟ್ಟಿದ್ದವರು. "ಇದರಲ್ಲಿ ನಾವು ಇಟ್ಟ ದುಡ್ಡು ಯಾವುದು, ಮುಳುಗಿದ ದುಡ್ಡು ಯಾವುದು ಮಾರಾಯ್ರೆ?" ಅಂತ ಕೇಳಿದರು. ಸಭೆ ನಕ್ಕಿತು. ಅವರು ನಗಲಿಲ್ಲ. ನಾನು ವಿವರಿಸಿದೆ, ತಲೆಯಾಡಿಸಿ ಕೂತರು. ಮುಂದಿನ ವಾರ ಬಂದು ಠೇವಣಿ ಹಿಂದಕ್ಕೆ ತೆಗೆದುಕೊಂಡರು.

ಆವತ್ತಿನಿಂದ ಈ ವಿಷಯದ ಬೆನ್ನು ಹತ್ತಿದೆ. ಕೆದಕುತ್ತಾ ಹೋದರೆ ಕಥೆ ಇನ್ನೂರು ವರ್ಷಕ್ಕೂ ಹಿಂದಕ್ಕೆ ಹೋಯಿತು.

ಹಣಕಾಸಿನ ಅಂಕಿಗಳನ್ನು ಗೆರೆ, ಕಂಬಗಳಲ್ಲಿ ತೋರಿಸಿದ ಮೊದಲ ದೊಡ್ಡ ಪುಸ್ತಕ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನದು. 1786ರ 'ಕಮರ್ಷಿಯಲ್ ಆ್ಯಂಡ್ ಪೊಲಿಟಿಕಲ್ ಅಟ್ಲಾಸ್'. ಈತ ಉಗಿಯಂತ್ರದ ಜೇಮ್ಸ್ ವಾಟ್ ಹತ್ತಿರ ನಕ್ಷೆ ಬರೆಯುವ ಕೆಲಸ ಮಾಡಿದ್ದವನು. ಪುಸ್ತಕದಲ್ಲಿ 44 ಚಾರ್ಟುಗಳು, ಅದರಲ್ಲಿ ಕಂಬದ ಚಾರ್ಟು ಒಂದೇ ಒಂದು. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಹಲವು ವರ್ಷದ ಲೆಕ್ಕ ಸಿಗದೆ, ಒಂದೇ ವರ್ಷದ ಅಂಕಿಗಳನ್ನು ಕಂಬ ಮಾಡಿ ನಿಲ್ಲಿಸಿದ. ಅನಿವಾರ್ಯಕ್ಕೆ ಮಾಡಿದ್ದು ಇವತ್ತು ಎಲ್ಲ ಬ್ಯಾಲೆನ್ಸ್ ಶೀಟಿನ ಅಲಂಕಾರ! ಪೈ ಚಾರ್ಟ್ ಕೂಡ ಅವನದೇ, 1801ರಲ್ಲಿ. (ಅವನೇ ಪಾಲುದಾರರ ಜೊತೆ ಲಂಡನ್ನಿನಲ್ಲಿ ಒಂದು ಬ್ಯಾಂಕ್ ತೆರೆದಿದ್ದ, ಅದು ಹೆಚ್ಚು ದಿನ ಬಾಳಲಿಲ್ಲ. ಗ್ರಾಫ್ ಬರೆಯಲು ಬಂದರೆ ಸಾಲದು ಅಂತ ನಮ್ಮಂಥವರು ತಿಳಿಯಬೇಕು.)

ಅವನ ಚಾರ್ಟುಗಳು ಅಚ್ಚಾದದ್ದು ತಾಮ್ರದ ತಗಡಿನಿಂದ. ಕೆತ್ತುವವನು ಪ್ರತಿ ಗೆರೆಯನ್ನೂ ಕನ್ನಡಿಯ ಪ್ರತಿಬಿಂಬದಂತೆ ತಿರುಗಾಮುರುಗಾ ಕೊರೆಯಬೇಕು. ಕೊರೆದ ಗೆರೆಯಲ್ಲಿ ಶಾಯಿ ತುಂಬಿ ಕಾಗದ ಒತ್ತಬೇಕು. ಬಣ್ಣವನ್ನು ಆಮೇಲೆ ಕೈಯಲ್ಲೇ ಹಚ್ಚುತ್ತಿದ್ದರು. ಎಷ್ಟು ಕಷ್ಟ ನೋಡಿ. ಆದರೆ ಗೆರೆ ಮಾತ್ರ ಇವತ್ತಿಗೂ ಕೂದಲಿನಷ್ಟು ಸ್ಪಷ್ಟ. ಯಾಕೆಂದರೆ ಅಲ್ಲಿ ಗೆರೆ ಗೆರೆಯಾಗಿಯೇ ಇತ್ತು, ಚುಕ್ಕಿಯಾಗಿರಲಿಲ್ಲ.

ಮುಂದೆ ಮೊಳೆ ಜೋಡಿಸುವ ಪ್ರೆಸ್ಸುಗಳ ಕಾಲದಲ್ಲೂ ಮುದ್ರಕರಿಗೆ ಈ ವ್ಯತ್ಯಾಸ ಗೊತ್ತಿತ್ತು. ಗೆರೆಚಿತ್ರಕ್ಕೆ ಲೈನ್ ಬ್ಲಾಕ್, ಫೋಟೋಗೆ ಚುಕ್ಕಿಗಳ ಹಾಫ್‌ಟೋನ್ ಬ್ಲಾಕ್. ಗ್ರಾಫನ್ನು ಜೆಪೆಗ್ ಮಾಡಿದ ನಾನು ಗೆರೆಚಿತ್ರಕ್ಕೆ ಹಾಫ್‌ಟೋನ್ ಬ್ಲಾಕ್ ಮಾಡಿಸಿದ ಹಾಗಾಯಿತು. 1992ರಲ್ಲಿ ಮಾನಕವಾಗಿ ಬಂದ ಜೆಪೆಗ್ ಹುಟ್ಟಿದ್ದೇ ಫೋಟೋಗಳಿಗಾಗಿ. ಚೂಪಾದ ಅಂಚು ಕಂಡರೆ ಅದು ಸುತ್ತಲೂ ಕೊಳೆ ಹಚ್ಚುತ್ತದೆ.

ಇನ್ನು ಕಂಪ್ಯೂಟರ್. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಬಂತು. ಅದರಲ್ಲಿ ಲೆಕ್ಕ ಉಂಟು, ಗ್ರಾಫ್ ಇಲ್ಲ. ಅದಕ್ಕೆ ಮಿಚ್ ಕೇಪರ್ ಬರೆದ ವಿಸಿಪ್ಲಾಟ್ ಬೇರೆ ಬೇಕಿತ್ತು. ಅದೇ ಕೇಪರ್ 1983ರಲ್ಲಿ ಜೊನಾಥನ್ ಸ್ಯಾಕ್ಸ್ ಜೊತೆ ಲೋಟಸ್ 1-2-3 ತಂದ. ನಾನು ಬ್ಯಾಂಕಿಗೆ ಸೇರಿದ ಹೊಸತರಲ್ಲಿ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಕಲಿತವನೇ ದೊಡ್ಡ ಪಂಡಿತ! ಲೋಟಸ್‌ನಲ್ಲಿ ಗ್ರಾಫ್ ನೋಡಬಹುದಿತ್ತು, ಆದರೆ ಅಲ್ಲೇ ಪ್ರಿಂಟ್ ಮಾಡುವಂತಿರಲಿಲ್ಲ. ಪಿಕ್ ಎಂಬ ಫೈಲಿಗೆ ಉಳಿಸಿ, ಹೊರಗೆ ಬಂದು, ಪ್ರಿಂಟ್‌ಗ್ರಾಫ್ ಎಂಬ ಇನ್ನೊಂದು ಪ್ರೋಗ್ರಾಂ ತೆರೆಯಬೇಕು. ಆಗ ಬೈದುಕೊಂಡಿದ್ದೆ. ಆದರೆ ಆ ಪಿಕ್ ಫೈಲಿನಲ್ಲಿ ಇದ್ದದ್ದು ಚುಕ್ಕಿಗಳಲ್ಲ, "ಇಲ್ಲಿಂದ ಅಲ್ಲಿಗೆ ಗೆರೆ ಎಳೆ" ಎಂಬ ಆಜ್ಞೆಗಳು. 2009ರ ನನ್ನ ಜೆಪೆಗ್‌ಗಿಂತ ಅದೇ ಮೇಲು.

ಈ ಆಜ್ಞೆಗಳಿಗೆ ಪ್ರೆಸ್ಸಿನ ಮಟ್ಟದ ಭಾಷೆ ಕೊಟ್ಟದ್ದು ಅಡೋಬಿ. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ 1982ರಲ್ಲಿ ಕಟ್ಟಿದ ಕಂಪನಿ. 1984ರಲ್ಲಿ ಅವರ ಪೋಸ್ಟ್‌ಸ್ಕ್ರಿಪ್ಟ್ ಬಂತು. 1985ರಲ್ಲಿ ಆ್ಯಪಲ್‌ನ ಲೇಸರ್‌ರೈಟರ್ ಅದನ್ನು ಓದಿ ಇಂಚಿಗೆ 300 ಚುಕ್ಕಿಯಲ್ಲಿ ಅಚ್ಚು ಹಾಕಿತು. ಎಕ್ಸೆಲ್ ಹುಟ್ಟಿದ್ದೂ ಅದೇ ವರ್ಷ, ಮೊದಲು ಮ್ಯಾಕಿಂಟಾಶ್ ಮೇಲೆ. ಗೆರೆ ಎಳೆಯುವ ಆಜ್ಞೆ ಒಂದೇ, ಯಂತ್ರ ಎಷ್ಟು ನುಣುಪೋ ಅಷ್ಟು ನುಣುಪಾಗಿ ಬರುತ್ತದೆ. ಪಿಡಿಎಫ್ ಬಂದದ್ದು 1993ರಲ್ಲಿ, 2008ರಲ್ಲಿ ಅದು ಐಎಸ್ಒ ಮಾನಕವಾಯಿತು.

ನಮ್ಮ ಬ್ಯಾಂಕ್ ಭಾಷೆಯಲ್ಲಿ ಲೆಕ್ಕ ಹಾಕೋಣ. ವಿಂಡೋಸ್ ಲೆಕ್ಕದಲ್ಲಿ ಪರದೆಗೆ ಸಾಮಾನ್ಯವಾಗಿ ಇಂಚಿಗೆ 96 ಚುಕ್ಕಿ. ಐದು ಇಂಚು ಅಗಲದ ಚಾರ್ಟಿಗೆ 480 ಚುಕ್ಕಿ. ಪ್ರೆಸ್ಸಿಗೆ ಇಂಚಿಗೆ 300ರಂತೆ 1500 ಬೇಕು. ಕೈಯಲ್ಲಿರುವ 480 ಚುಕ್ಕಿ ಒಂದೂವರೆ ಇಂಚು ಚಿಲ್ಲರೆಗೆ ಮಾತ್ರ ಸಾಕು. ಅದನ್ನು ಐದು ಇಂಚಿಗೆ ಎಳೆದರೆ? ಖಾತೆಯಲ್ಲಿ 480 ರೂಪಾಯಿ ಇಟ್ಟುಕೊಂಡು 1500ರ ಚೆಕ್ ಬರೆದ ಹಾಗೆ. ಬೌನ್ಸ್ ಆಗದೆ ಇನ್ನೇನು!

2010ರ ವರದಿಗೆ ನಾನು ಜಾಣನಾಗಿದ್ದೆ, ಅಂದುಕೊಂಡಿದ್ದೆ. ಚಾರ್ಟನ್ನು ವರ್ಡ್‌ಗೆ ಎನ್‌ಹಾನ್ಸ್ಡ್ ಮೆಟಾಫೈಲ್ ಆಗಿ ಅಂಟಿಸಿ ಕಳಿಸಿದೆ. ಗೆರೆ ಏನೋ ಚೊಕ್ಕವಾಗಿ ಬಂತು, ಆದರೆ 'ಠೇವಣಿ' ಇದ್ದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನಾನು ಬಳಸಿದ್ದು ನುಡಿ ಫಾಂಟ್, ಮರಾಠಿ ಮುದ್ರಕನ ಕಂಪ್ಯೂಟರಿನಲ್ಲಿ ಅದು ಎಲ್ಲಿಂದ ಬರಬೇಕು? ಮೆಟಾಫೈಲ್ ಫಾಂಟಿನ ಹೆಸರನ್ನಷ್ಟೇ ಒಯ್ಯುತ್ತದೆ, ಫಾಂಟನ್ನಲ್ಲ. ಪಿಡಿಎಫ್ ಅಕ್ಷರಗಳ ಆಕಾರವನ್ನೂ ಜೊತೆಗೆ ಕಟ್ಟಿಕೊಂಡು ಹೋಗುತ್ತದೆ. ಪುಣ್ಯಕ್ಕೆ ಪ್ರೂಫ್‌ನಲ್ಲೇ ಸಿಕ್ಕಿತು. ಅದೇ ಸಂಜೆ ಚಾರ್ಟನ್ನು ಆಯ್ದು ನೇರ ಪಿಡಿಎಫ್ ಮಾಡಿ ಕೊಟ್ಟೆ. ಬಣ್ಣ ನಂಬದೆ ಒಂದು ಕಂಬ ಪೂರ್ತಿ ಕಪ್ಪು, ಇನ್ನೊಂದಕ್ಕೆ ಓರೆಗೆರೆ ಹಾಕಿದೆ.

ಇವತ್ತು ಮಾಡುವವರಿಗೆ ನನ್ನ ಸಲಹೆ ಇಷ್ಟೇ. ಅಚ್ಚಾಗುವ ಅಳತೆಯನ್ನು ಮೊದಲೇ ಕೇಳಿಕೊಳ್ಳಿ. ಪಿಡಿಎಫ್ ಕೊಡಿ. ಈಗಿನ ಎಕ್ಸೆಲ್‌ನಲ್ಲಿ ಎಸ್‌ವಿಜಿ ಆಗಿಯೂ ಉಳಿಸಬಹುದು, ಆದರೆ ಕನ್ನಡ ಅಕ್ಷರ ಇದ್ದರೆ ಪಿಡಿಎಫ್‌ಗೇ ನನ್ನ ವೋಟು. ಚಿತ್ರವೇ ಬೇಕು ಎಂದು ಹಟ ಹಿಡಿದರೆ ದೊಡ್ಡ ಅಳತೆಯ ಪಿಎನ್‌ಜಿ ಕೊಡಿ, ಜೆಪೆಗ್ ಬೇಡ. ಒಮ್ಮೆ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಲೆಕ್ಕ ಗೊತ್ತಿಲ್ಲದವರ ಕೈಗೆ ಕೊಟ್ಟು ನೋಡಿ.

ಆ ಹಿರಿಯರು 2010ರ ಸಭೆಗೂ ಬಂದಿದ್ದರು, ಪಾಲು ಬಂಡವಾಳ ಇನ್ನೂ ಇತ್ತಲ್ಲ. ವರದಿ ಬಿಡಿಸಿ, ಕಪ್ಪು ಕಂಬದ ಮೇಲೆ ಬೆರಳಿಟ್ಟು "ಇದು ಜನರ ದುಡ್ಡು, ಅಲ್ವಾ?" ಅಂದರು. ಹೌದು ಅಂದೆ. ಪಕ್ಕದ ಓರೆಗೆರೆಯ ಕಂಬವನ್ನೂ ಸ್ವಲ್ಪ ಹೊತ್ತು ನೋಡಿದರು. ಠೇವಣಿಯನ್ನಂತೂ ವಾಪಸ್ಸು ಇಡಲಿಲ್ಲ. ಆದರೆ ಈ ಸಲ ಏನನ್ನು ನೋಡಿ ಇಡಲಿಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿ ಕಂಡಿತ್ತು. ಲೆಕ್ಕ ಒಪ್ಪಿಸುವವನ ಕೆಲಸ ಅಷ್ಟೇ ಅಲ್ಲವೇ?